ಎಲ್ಲ ಬಿಳಿ ಮಚ್ಚೆಯೂ ತೊನ್ನಲ್ಲ



ಕಳೆದ ತಿಂಗಳು ಒಂದು ಬೆಳಗಿನ ಜಾವ, ನಾನಿನ್ನೂ ಹೊಳೆಯ ಕಡೆ ತಿರುಗಾಡಲು ಹೊರಡುವ ಮೊದಲೇ ಫೋನ್ ಬಂದಿತು. ಸಿಂಧನೂರಿನಲ್ಲಿ ರಸಗೊಬ್ಬರದ ಅಂಗಡಿ ಇಟ್ಟಿರುವ ನನ್ನ ಹಳೆಯ ವಿದ್ಯಾರ್ಥಿ. ಕ್ಷೇಮ ಸಮಾಚಾರವನ್ನೂ ಕೇಳದೆ, "ಸರ್ರ, ಒಂದು ಫೋಟೋ ಕಳಿಸೀನ್ರಿ, ನೋಡಿ ಹೇಳ್ರಿ. ನಮ್ಮ ಅವ್ವ ಮೂರು ದಿನದಿಂದ ಅಳಾಕತ್ಯಾಳ್ರಿ" ಎಂದನು. ಚಿತ್ರದಲ್ಲಿ ಅವನ ಒಂಬತ್ತು ವರ್ಷದ ಮಗಳ ಮುಖವಿತ್ತು. ಎರಡೂ ಕೆನ್ನೆಯ ಮೇಲೆ ರೂಪಾಯಿ ನಾಣ್ಯದಷ್ಟಗಲದ ಮಸುಕು ಬಿಳುಪಿನ ಕಲೆಗಳು. ಅಜ್ಜಿ ಅದಕ್ಕೆ ತೊನ್ನು ಎಂದು ಹೆಸರಿಟ್ಟಾಗಿತ್ತು. ಹತ್ತು ವರ್ಷಗಳ ಮುಂದಿನ ಮದುವೆಯನ್ನು ನೆನೆದು ಇಂದೇ ಅತ್ತಾಗಿತ್ತು. ಔಷಧಿ ಅಂಗಡಿಯಿಂದ ಒಂದು ಟ್ಯೂಬ್ ಮುಲಾಮೂ ಮನೆಗೆ ಬಂದಾಗಿತ್ತು.

"ಫೋಟೋ ನೋಡಿ ಹೇಳಲಾರೆನಪ್ಪಾ, ಚರ್ಮದ ವೈದ್ಯರಿಗೆ ತೋರಿಸು, ಆ ಮುಲಾಮನ್ನು ಮಾತ್ರ ಹಚ್ಚಬೇಡ" ಎಂದು ಹೇಳಿದೆನು. ಅವನಿಗೆ ಬೇಸರವಾಗಿರಬೇಕು. ಮೂವತ್ತನಾಲ್ಕು ವರ್ಷ ವಿಜ್ಞಾನ ಪಾಠ ಮಾಡಿದ ಮೇಷ್ಟ್ರಿಗೆ ಇಷ್ಟೂ ತಿಳಿಯದೇ ಎಂದುಕೊಂಡಿರಬಹುದು. ತಿಳಿದಿದೆ ಎಂದುಕೊಂಡು ಹಿಂದೊಮ್ಮೆ ಹೇಳಿದ್ದೆನು. ಆ ಹೇಳಿಕೆಯ ಬೆಲೆಯನ್ನು ತೆತ್ತವನು ಬೇರೆಯವನು. ಅದನ್ನು ಬರೆಯಬೇಕೆಂದು ಬಹಳ ದಿನಗಳಿಂದ ಅಂದುಕೊಂಡಿದ್ದೆ. ಆ ಫೋನ್ ಬಂದ ಮೇಲೆ ಮುಂದೂಡಲು ಮನಸ್ಸಾಗಲಿಲ್ಲ.

1992ನೆಯ ಇಸವಿ. ಎಂಟನೆಯ ತರಗತಿಯಲ್ಲಿ ಒಬ್ಬ ಹುಡುಗನಿದ್ದನು. ಲೆಕ್ಕದಲ್ಲಿ ಚುರುಕು. ನೆಲ್ಲು ಹಚ್ಚುವ ಕಾಲದಲ್ಲಿ ಮಾತ್ರ ಹದಿನೈದು ದಿನ ಶಾಲೆಯ ಕಡೆ ಮುಖ ಹಾಕುತ್ತಿರಲಿಲ್ಲ. ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಿಟ್ಟರೆಂದರೆ ನಮ್ಮ ಭಾಗದ ಶಾಲೆಗಳ ಹಾಜರಿ ಪುಸ್ತಕ ಅರ್ಧ ಖಾಲಿ ಎಂಬುದು ನಿಮಗೆಲ್ಲ ಗೊತ್ತೇ ಇದೆ. ಆ ದಿನಗಳಲ್ಲಿ ಕುಷ್ಠರೋಗ ನಿಯಂತ್ರಣದ ಕಾರ್ಯಕರ್ತರು ಶಾಲೆಗೆ ಬಂದು, ಗಂಡುಮಕ್ಕಳ ಅಂಗಿ ಬಿಚ್ಚಿಸಿ ಬೆಳಕಿನಲ್ಲಿ ನಿಲ್ಲಿಸಿ ಮೈ ನೋಡುತ್ತಿದ್ದರು. ಅವರು ಬಂದ ದಿನ ಈ ಹುಡುಗ ಗದ್ದೆಯಲ್ಲಿದ್ದನು. ಗೈರುಹಾಜರಾದ ಮಕ್ಕಳನ್ನು ಆಮೇಲೆ ಕಳಿಸಿಕೊಡಿ ಎಂದು ಅವರು ಹೇಳಿ ಹೋದರು. ನಾನು ಕಳಿಸಲಿಲ್ಲ. ಪರೀಕ್ಷೆ ಹತ್ತಿರ ಬಂದಿತ್ತು ಎಂಬುದು ಆಗ ನನಗೆ ಸಾಕಷ್ಟು ದೊಡ್ಡ ಕಾರಣವಾಗಿ ಕಂಡಿತ್ತು.

ಕೆಲವು ವಾರಗಳ ಮೇಲೆ ಅವನ ಎಡ ಮುಂಗೈಯಲ್ಲಿ, ಮೊಣಕೈಗಿಂತ ತುಸು ಕೆಳಗೆ, ಅಂಗೈಯಗಲದ ಒಂದು ಕಲೆ ನನ್ನ ಕಣ್ಣಿಗೆ ಬಿತ್ತು. ಹಾಲಿನಂತೆ ಬಿಳುಪಲ್ಲ. ಸುತ್ತಲಿನ ಚರ್ಮಕ್ಕಿಂತ ಒಂದು ಬಣ್ಣ ತಿಳಿ, ಒಣಗಿದಂತೆ, ಅಷ್ಟೇ. ಏನೋ ಇದು ಎಂದು ಕೇಳಿದೆನು. "ಏನಿಲ್ರಿ ಸರ್, ಕಡಿಯಂಗಿಲ್ಲ, ನೋಯಂಗಿಲ್ಲ" ಎಂದನು. ಹೊಟ್ಟೆಯಲ್ಲಿ ಹುಳುವಾಗಿರಬೇಕು, ಹುಳದ ಗುಳಿಗೆ ತೆಗೆದುಕೊ ಎಂದೆನು. ಅವನು ಹೋಗುತ್ತಾ ಇನ್ನೊಂದು ಮಾತು ಹೇಳಿದನು: "ಮೊನ್ನೆ ಅಲ್ಲೇ ಬಳ್ಳಾರಿ ಜಾಲಿ ಮುಳ್ಳು ಗೀರಿ ರಕ್ತ ಬಂದಿತ್ರಿ ಸರ್, ನನಗ ಗೊತ್ತೇ ಆಗಲಿಲ್ಲ." ನಾನು ನಕ್ಕು, "ಭೇಷ್, ಗಟ್ಟಿಗ ಇದ್ದೀ ಬಿಡು" ಎಂದು ಬೆನ್ನು ತಟ್ಟಿದೆನು.

ರೋಗಿಯೇ ತನ್ನ ರೋಗದ ಹೆಸರನ್ನು ನನ್ನೆದುರಿಗೆ ಹೇಳಿದಂತಿತ್ತು ಅದು. ಮುಳ್ಳು ಗೀರಿದರೂ ತಿಳಿಯದ ಚರ್ಮ ಎಂದರೆ ಏನೆಂಬುದನ್ನು ಬಿ.ಇಡಿ. ಮುಗಿಸಿದ ವಿಜ್ಞಾನ ಶಿಕ್ಷಕ ಅರಿಯಬೇಕಿತ್ತು. ಅದೇ ವಾರ ನಾನು ಆ ತರಗತಿಗೆ ಪಂಚೇಂದ್ರಿಯಗಳ ಪಾಠವನ್ನು ಕೂಡ ಮಾಡಿದ್ದೆನು!

ಅವನ ಕಿರುಬೆರಳು, ಉಂಗುರ ಬೆರಳುಗಳು ಮಡಚಿಕೊಳ್ಳತೊಡಗಿದ ಮೇಲೆ, 1996ರಲ್ಲಿ, ಅದು ಕುಷ್ಠವೆಂದು ಗೊತ್ತಾಯಿತು. ಔಷಧಿ ಉಚಿತವಾಗಿ ದೊರೆಯಿತು, ರೋಗ ಪೂರ್ಣ ಗುಣವಾಯಿತು. ಮಡಚಿದ ಬೆರಳುಗಳು ಮಾತ್ರ ಹಾಗೆಯೇ ಉಳಿದವು. ಈಗ ಅವನು ಒಂದು ಕ್ಯಾಂಪಿನಲ್ಲಿ ಕಿರಾಣಿ ಅಂಗಡಿ ನಡೆಸುತ್ತಾನೆ. ಹೋದಾಗಲೆಲ್ಲ ಚಹಾ ತರಿಸುತ್ತಾನೆ. ಬಿಸಿ ಲೋಟವನ್ನು ಬಲಗೈಯಲ್ಲಿಯೇ ಹಿಡಿಯುತ್ತಾನೆ, ಏಕೆಂದರೆ ಎಡಗೈ ಸುಟ್ಟರೂ ಅವನಿಗೆ ತಿಳಿಯುವುದಿಲ್ಲ. ಇದನ್ನು ಬರೆಯಲೇ ಎಂದು ಕೇಳಿದಾಗ, "ಹೆಸರು ಬಿಟ್ಟು ಬರೀರಿ ಸರ್" ಎಂದನು. ಒಂದು ದಿನವೂ ನನ್ನನ್ನು ದೂರಲಿಲ್ಲ. ದೂರಿದ್ದರೆ ನನಗೆ ಹಗುರವಾಗುತ್ತಿತ್ತೇನೋ.

ನಾನು ಹೇಳಬೇಕೆಂದಿರುವುದು ಇದನ್ನು. ಬಿಳಿ ಮಚ್ಚೆಗಳ ವಿಷಯದಲ್ಲಿ ನಮ್ಮ ಭಯ ತಲೆಕೆಳಗಾಗಿದೆ. ಎದ್ದು ಕಾಣುವ ಹಾಲು ಬಿಳುಪಿಗೆ ನಾವು ನಡುಗುತ್ತೇವೆ, ಅದರಿಂದ ಯಾರ ಕೈಕಾಲೂ ಹೋಗುವುದಿಲ್ಲ, ಯಾರಿಗೂ ಅಂಟುವುದೂ ಇಲ್ಲ. ಕಂಡೂ ಕಾಣದಂತಿರುವ, ಕಡಿಯದ, ನೋಯದ, ಮಂದ ಬಣ್ಣದ ಕಲೆಯನ್ನು ಹುಳುವೆಂದೋ ಸಿಬ್ಬವೆಂದೋ ತಳ್ಳಿಬಿಡುತ್ತೇವೆ. ಬೆರಳುಗಳನ್ನು ಕಸಿದುಕೊಳ್ಳುವುದು ಅದು. ಬಣ್ಣವನ್ನು ಕಣ್ಣಿನಿಂದ ಅಳೆಯುವ ನಾವು ಮುಟ್ಟಿ ನೋಡುವುದನ್ನೇ ಮರೆತಿದ್ದೇವೆ. ಮುಟ್ಟಲು ಅಂಜುತ್ತೇವೆ ಎಂದರೂ ಸರಿಯೇ.

ಫೋಟೋ ನೋಡಿ ಹೇಳಲಾರೆನೆಂದು ನಾನು ಹೇಳಿದ್ದೂ ಇದೇ ಕಾರಣಕ್ಕೆ. ಈಗಿನ ಮೊಬೈಲಿನ ಚಿತ್ರದಲ್ಲಿ ಕೆನ್ನೆಯ ರೋಮವೂ ಕಾಣಿಸೀತು. ಆದರೆ ಆ ಚರ್ಮಕ್ಕೆ ಸ್ಪರ್ಶ ತಿಳಿಯುತ್ತದೆಯೋ ಇಲ್ಲವೋ ಎಂಬುದು ಚಿತ್ರದಲ್ಲಿ ಬರುವುದಿಲ್ಲ.

ಮಕ್ಕಳ ಕೆನ್ನೆಯ ಕಲೆಯಿಂದ ತೊಡಗುತ್ತೇನೆ. ಮೂರರಿಂದ ಹದಿನಾರು ವರ್ಷದ ಮಕ್ಕಳಲ್ಲಿ ಅತಿ ಸಾಮಾನ್ಯವಾದ ಇದಕ್ಕೆ ವೈದ್ಯರು ಪಿಟಿರಿಯಾಸಿಸ್ ಆಲ್ಬಾ ಎನ್ನುತ್ತಾರೆ. ಅಂಚು ಸ್ಪಷ್ಟವಿರುವುದಿಲ್ಲ, ಸುತ್ತಲಿನ ಬಣ್ಣದೊಳಗೆ ಕರಗಿಹೋಗುತ್ತದೆ. ಮೇಲೆ ಸಣ್ಣಗೆ ಹೊಟ್ಟಿನಂತಹ ಪುಡಿ. ಪೂರ್ತಿ ಬಿಳುಪಲ್ಲ. ಒಣಚರ್ಮದ ಮಕ್ಕಳಲ್ಲಿ ಹೆಚ್ಚು. ಬಿಸಿಲಿಗೆ ಉಳಿದ ಮುಖ ಕಪ್ಪಾದಾಗ ಇದು ಎದ್ದು ಕಾಣುತ್ತದೆ, ನಮ್ಮ ರಾಯಚೂರು ಜಿಲ್ಲೆಯ ಬಿಸಿಲಿಗಂತೂ ಕೇಳುವುದೇ ಬೇಡ. ಹೊಟ್ಟೆಯ ಹುಳುವಿಗೂ ಇದಕ್ಕೂ ಸಂಬಂಧವಿಲ್ಲ. ಕ್ಯಾಲ್ಸಿಯಂ ಕೊರತೆಯೂ ಅಲ್ಲ. ಕೆಲವು ತಿಂಗಳು, ಕೆಲವೊಮ್ಮೆ ಒಂದೆರಡು ವರ್ಷಗಳಲ್ಲಿ ತಾನಾಗಿಯೇ ಹೋಗುತ್ತದೆ. (ಹುಳದ ಗುಳಿಗೆ ಬೇಡವೆಂದಲ್ಲ. ಅದನ್ನು ಶಾಲೆಯಲ್ಲಿ ಕೊಟ್ಟಾಗ ಮಕ್ಕಳು ನುಂಗಲಿ. ಅದು ರಕ್ತಹೀನತೆಗೆ ಒಳ್ಳೆಯದು, ಕೆನ್ನೆಯ ಬಣ್ಣಕ್ಕಲ್ಲ.)

ದೊಡ್ಡವರ ಎದೆ, ಬೆನ್ನು, ಕುತ್ತಿಗೆ, ಭುಜಗಳ ಮೇಲೆ ಸಣ್ಣ ಸಣ್ಣ ಚುಕ್ಕೆಗಳಾಗಿ ಹುಟ್ಟಿ ಒಂದಕ್ಕೊಂದು ಕೂಡಿಕೊಳ್ಳುವುದು ಸಿಬ್ಬ, ಕೆಲವು ಕಡೆ ಚಿಬ್ಬು ಎಂದೂ ಅನ್ನುತ್ತಾರೆ. ಉಗುರಿನಿಂದ ಮೆಲ್ಲನೆ ಕೆರೆದರೆ ತೌಡಿನಂತಹ ಪುಡಿ ಉದುರುತ್ತದೆ. ಮಲಸೇಜಿಯಾ ಎಂಬ ಶಿಲೀಂಧ್ರ ಇದಕ್ಕೆ ಕಾರಣ. ಅದು ಎಲ್ಲರ ಚರ್ಮದ ಮೇಲೂ ಇರುತ್ತದೆ, ಬೆವರು ಸೆಕೆಗಳಲ್ಲಿ ಮಾತ್ರ ಮಿತಿಮೀರುತ್ತದೆ. ಬೇಸಿಗೆಯಲ್ಲಿ ಬೆವರು ನೆನೆದ ಬನಿಯನ್ನನ್ನೇ ದಿನವಿಡೀ ಹಾಕಿಕೊಂಡು ದುಡಿಯುವವರಲ್ಲಿ ಇದು ಎಷ್ಟು ಸಾಮಾನ್ಯವೆಂಬುದನ್ನು ನೋಡಲು ಯಾವುದಾದರೂ ರೈಸ್‌ಮಿಲ್ಲಿನ ಮುಂದೆ ಅರ್ಧ ತಾಸು ನಿಂತರೆ ಸಾಕು. ಔಷಧಿಯಿಂದ ಶಿಲೀಂಧ್ರ ಕೆಲವೇ ವಾರಗಳಲ್ಲಿ ಸಾಯುತ್ತದೆ, ಆದರೆ ಬಣ್ಣ ಮರಳಲು ತಿಂಗಳುಗಳು ಬೇಕು. ಇದನ್ನು ಯಾರೂ ಹೇಳಿಕೊಡದಿರುವುದರಿಂದ ಔಷಧಿ ಹತ್ತಲಿಲ್ಲವೆಂದು ಜನ ವೈದ್ಯರನ್ನು ಬದಲಾಯಿಸುತ್ತಾ ಹೋಗುತ್ತಾರೆ.

ಇನ್ನು ತೊನ್ನು. ಇದರ ಬಿಳುಪು ಸುಣ್ಣದಂತೆ, ಅಂಚು ಗೆರೆ ಎಳೆದಂತೆ. ಪುಡಿ ಉದುರುವುದಿಲ್ಲ. ಬೆರಳ ತುದಿ, ತುಟಿ, ಕಣ್ಣಿನ ಸುತ್ತ, ಮೊಣಕೈ, ಮೊಣಕಾಲುಗಳಲ್ಲಿ ಹೆಚ್ಚು, ಅದೂ ಬಹುಮಟ್ಟಿಗೆ ಎಡಬಲಗಳೆರಡರಲ್ಲೂ. ಕೆಲವರಲ್ಲಿ ಆ ಜಾಗದ ಕೂದಲೂ ನೆರೆಯುತ್ತದೆ. ಸ್ಪರ್ಶಜ್ಞಾನ ಮಾತ್ರ ಸಂಪೂರ್ಣವಾಗಿರುತ್ತದೆ. ಮೈಯ ರಕ್ಷಣಾ ವ್ಯವಸ್ಥೆಯೇ ದಾರಿತಪ್ಪಿ ಬಣ್ಣ ತಯಾರಿಸುವ ಮೆಲನೋಸೈಟ್ ಕೋಶಗಳನ್ನು ಕೊಲ್ಲುವುದರಿಂದ ಇದು ಬರುತ್ತದೆ. ಜಗತ್ತಿನ ಜನರಲ್ಲಿ ಸುಮಾರು ಶೇ 0.5ರಿಂದ 2ರಷ್ಟು ಮಂದಿಗೆ ಇದೆ. ಮೈಕೆಲ್ ಜಾಕ್ಸನ್ ಎಂಬ ಗಾಯಕನಿಗಿತ್ತು. ಅವನು ತೀರಿಕೊಂಡ ಜೂನ್ 25ನ್ನೇ ಈಗ ವಿಶ್ವ ವಿಟಿಲಿಗೋ ದಿನವೆಂದು ಆಚರಿಸುತ್ತಾರೆ.

ನಮ್ಮ ಹೊಳೆದಂಡೆಯ ಊರುಗಳಲ್ಲಿ ಮೀನು ತಿಂದು ಹಾಲು ಕುಡಿದರೆ ತೊನ್ನು ಬರುತ್ತದೆ ಎಂಬ ನಂಬಿಕೆ ಬಲವಾಗಿದೆ. ಹಾಲು ಮೀನುಗಳನ್ನು ಕೂಡಿಸಿ ತಿನ್ನಬಾರದೆಂದು ಚರಕಸಂಹಿತೆಯೇ ಹೇಳುವುದರಿಂದ ಈ ನಂಬಿಕೆಯ ಬೇರು ಹಳೆಯದು. ಆದರೆ ಹಾಗೆ ಆಗುತ್ತದೆಂಬುದಕ್ಕೆ ಆಧುನಿಕ ವೈದ್ಯದಲ್ಲಿ ಆಧಾರವಿಲ್ಲ. ಮೀನನ್ನೇ ಮುಟ್ಟದ ಮನೆಗಳಲ್ಲಿಯೂ ತೊನ್ನು ಇದೆಯಲ್ಲ! ಅದೇ ಹಳೆಯ ವೈದ್ಯರು ಒಂದು ನಿಜವನ್ನೂ ಕಂಡಿದ್ದರು. ಬಾವಂಚಿ ಬೀಜವನ್ನು ಹಚ್ಚಿ ಬಿಸಿಲಿಗೆ ಮೈಯೊಡ್ಡಿದರೆ ಕೆಲವರಿಗೆ ಬಣ್ಣ ಮರಳುತ್ತದೆಂದು ಅವರು ಅರಿತಿದ್ದರು. ಅದರಲ್ಲಿರುವ ಸೋರಲೆನ್ ಎಂಬ ವಸ್ತುವನ್ನೇ ಇಪ್ಪತ್ತನೆಯ ಶತಮಾನದ ವೈದ್ಯರು ಅಳತೆಯಿಟ್ಟು ಬಳಸಿದರು. ಅಳತೆಯಿಲ್ಲದೆ ಮನೆಯಲ್ಲಿ ಅರೆದು ಹಚ್ಚಿ ನಮ್ಮ ಬಿಸಿಲಿನಲ್ಲಿ ನಿಂತರೆ ಬೊಬ್ಬೆಯೇಳುತ್ತದೆ, ಆ ಗಾಯದ ಜಾಗದಲ್ಲಿಯೇ ಮತ್ತೆ ಬಿಳುಪು ಹರಡುವುದೂ ಉಂಟು. ಈಗ ಮುಲಾಮುಗಳಿವೆ, ನೇರಳಾತೀತ ಕಿರಣದ ಚಿಕಿತ್ಸೆಯಿದೆ, ಹರಡುವುದು ನಿಂತಿದ್ದರೆ ಚರ್ಮದ ಕಸಿಯಿದೆ. ರಕ್ಸೊಲಿಟಿನಿಬ್ ಎಂಬ ಮುಲಾಮಿಗೆ 2022ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆತಿದೆ. ಎಲ್ಲರಿಗೂ ಪೂರ್ತಿ ಗುಣವಾಗುತ್ತದೆಂದು ಹೇಳುವವನನ್ನು ಮಾತ್ರ ನಂಬಬೇಡಿರಿ.

ತೊನ್ನಿನಂತೆಯೇ ಕಾಣುವ ಇನ್ನೊಂದನ್ನು ಹೆಣ್ಣುಮಕ್ಕಳಿಗಾಗಿ ಹೇಳಿಬಿಡುತ್ತೇನೆ. ಹಣೆಯ ನಡುವೆ ಸ್ಟಿಕ್ಕರ್ ಟಿಕಳಿ ಅಂಟಿಸುವಷ್ಟೇ ಜಾಗ, ಅಥವಾ ಪಾದದ ಮೇಲೆ ರಬ್ಬರ್ ಚಪ್ಪಲಿಯ ಪಟ್ಟಿಯ ಆಕಾರದಲ್ಲಿಯೇ ಬಿಳುಪಾದರೆ ಅಂಟಿನಲ್ಲಿಯೋ ರಬ್ಬರಿನಲ್ಲಿಯೋ ಇರುವ ರಾಸಾಯನಿಕದ ಮೇಲೆ ಸಂದೇಹಪಡಬೇಕು. ಮೊದಲು ಅದನ್ನು ಬಿಡಬೇಕು.

ಈಗ ಆ ಹುಡುಗನ ಕಲೆಗೆ ಮರಳೋಣ. ಕುಷ್ಠದ ಮಚ್ಚೆ ತೊನ್ನಿನಷ್ಟು ಬಿಳುಪಾಗಿರುವುದೇ ಇಲ್ಲ. ಮಂದ ಬಿಳುಪು ಅಥವಾ ತಾಮ್ರದಂತೆ ತುಸು ಕೆಂಪು. ಒಣಗಿರುತ್ತದೆ. ಮೈಯೆಲ್ಲ ಬೆವರಿದಾಗಲೂ ಅಲ್ಲಿ ಬೆವರುವುದಿಲ್ಲ, ಅಲ್ಲಿಯ ಕೂದಲು ಉದುರಿರಬಹುದು. ಎಲ್ಲಕ್ಕಿಂತ ಮುಖ್ಯವಾಗಿ ಸ್ಪರ್ಶ ತಿಳಿಯುವುದಿಲ್ಲ. ಇದನ್ನು ಪರೀಕ್ಷಿಸಲು ಯಂತ್ರ ಬೇಡ. ಕಣ್ಣು ಮುಚ್ಚಿಸಿ, ಹತ್ತಿಯ ಎಳೆಯಿಂದ ಒಮ್ಮೆ ಮಚ್ಚೆಯ ಮೇಲೆ, ಒಮ್ಮೆ ಹೊರಗೆ ಮೆಲ್ಲನೆ ಮುಟ್ಟಿ, ಎಲ್ಲಿ ಮುಟ್ಟಿದೆನೆಂದು ಬೆರಳಿಟ್ಟು ತೋರಿಸಲು ಹೇಳಬೇಕು. ಮಚ್ಚೆಯ ಮೇಲೆ ಮುಟ್ಟಿದಾಗ ಬೆರಳು ಮೇಲೇಳದಿದ್ದರೆ ಅಂದೇ ಆಸ್ಪತ್ರೆಗೆ ಹೋಗಬೇಕು. ಆದರೆ ಸ್ಪರ್ಶ ತಿಳಿಯಿತೆಂದಾಕ್ಷಣ ಕುಷ್ಠವಲ್ಲವೆಂದು ನಾವೇ ತೀರ್ಪು ಕೊಡುವಂತಿಲ್ಲ. ಮುಖದ ಮೇಲಿನ ಮಚ್ಚೆಯಲ್ಲಿ ಜೋಮು ಗೊತ್ತಾಗುವುದು ಕಷ್ಟ, ರೋಗದ ಕೆಲವು ಬಗೆಗಳಲ್ಲಿ ಮೊದಮೊದಲು ಸ್ಪರ್ಶಜ್ಞಾನ ಉಳಿದಿರುವುದೂ ಉಂಟು. ವೈದ್ಯರು ಮೊಣಕೈ, ಕುತ್ತಿಗೆಗಳ ನರ ದಪ್ಪವಾಗಿದೆಯೇ ಎಂದು ಮುಟ್ಟಿ ನೋಡುತ್ತಾರೆ, ಅಗತ್ಯವಿದ್ದರೆ ಚರ್ಮದ ಮಾದರಿ ತೆಗೆದು ಪರೀಕ್ಷಿಸುತ್ತಾರೆ. ತೊನ್ನೋ ಸಿಬ್ಬವೋ ಎಂಬ ಅನುಮಾನಕ್ಕೆ ಕತ್ತಲ ಕೋಣೆಯಲ್ಲಿ ವುಡ್ಸ್ ದೀಪ ಹಿಡಿಯುತ್ತಾರೆ. ತೊನ್ನು ನೀಲಿ ಬಿಳುಪಾಗಿ ಹೊಳೆಯುತ್ತದೆ, ಸಿಬ್ಬ ಹಳದಿಯ ಛಾಯೆ ತೋರುತ್ತದೆ.

ಈ ರೋಗಾಣುವನ್ನು ನಾರ್ವೆಯ ಹ್ಯಾನ್ಸೆನ್ ಎಂಬ ವೈದ್ಯ ಕಂಡುಹಿಡಿದದ್ದು 1873ರಲ್ಲಿ. ಶಾಪವೆಂದೂ ಪಾಪವೆಂದೂ ಸಾವಿರಾರು ವರ್ಷ ಹೇಳಿದ್ದು ಒಂದು ಸೂಕ್ಷ್ಮಾಣುವೆಂದು ಅಂದೇ ತಿಳಿಯಿತು. ವಿಶ್ವ ಆರೋಗ್ಯ ಸಂಸ್ಥೆಯು 1981ರಲ್ಲಿ ಬಹುವಿಧ ಔಷಧಿ ಚಿಕಿತ್ಸೆಯನ್ನು ಶಿಫಾರಸು ಮಾಡಿತು. ಆರು ತಿಂಗಳು ಇಲ್ಲವೇ ಹನ್ನೆರಡು ತಿಂಗಳು ಗುಳಿಗೆ, ಸರಕಾರಿ ಆಸ್ಪತ್ರೆಯಲ್ಲಿ ಕಾಸಿಲ್ಲದೆ. ಔಷಧಿ ತೊಡಗಿದ ಸ್ವಲ್ಪ ಕಾಲದಲ್ಲಿಯೇ ಅಂಟುವ ಭಯ ಹೋಗುತ್ತದೆ. ಮೊದಲೇ ಬಹುಪಾಲು ಜನರಿಗೆ ಈ ರೋಗದ ವಿರುದ್ಧ ಸಹಜ ಶಕ್ತಿಯಿದೆ. ಕಾನೂನು ಮಾತ್ರ ನಿಧಾನವಾಗಿ ನಡೆಯಿತು. 1898ರ ಕುಷ್ಠರೋಗಿಗಳ ಕಾಯ್ದೆ ರದ್ದಾದದ್ದು 2016ರಲ್ಲಿ, ಕುಷ್ಠವು ವಿಚ್ಛೇದನಕ್ಕೆ ಕಾರಣವಾಗಬಹುದೆಂಬ ಮಾತು ವಿವಾಹ ಕಾನೂನುಗಳಿಂದ ಹೋದದ್ದು 2019ರಲ್ಲಿ.

ಕುಷ್ಠ ಈಗೆಲ್ಲಿದೆ, ಅದು ಹೋಗಿ ಎಷ್ಟೋ ಕಾಲವಾಯಿತು ಎಂದು ಓದಿದವರೇ ನನ್ನೊಡನೆ ವಾದಿಸುತ್ತಾರೆ. 2005ರ ಡಿಸೆಂಬರಿನಲ್ಲಿ ನಮ್ಮ ದೇಶ ಸಾಧಿಸಿದ್ದು ಹತ್ತು ಸಾವಿರ ಜನರಿಗೆ ಒಬ್ಬ ರೋಗಿಗಿಂತ ಕಡಿಮೆ ಎಂಬ ಗುರಿಯನ್ನು. ನಿರ್ಮೂಲನೆ ಎಂಬ ದೊಡ್ಡ ಶಬ್ದವನ್ನು ಅದಕ್ಕೆ ಅಂಟಿಸಿದ್ದರಿಂದ ಎಲ್ಲರೂ ನಿಶ್ಚಿಂತರಾದರು. 2023ರಲ್ಲಿ ಜಗತ್ತಿನಲ್ಲಿ ಹೊಸದಾಗಿ ಪತ್ತೆಯಾದ ಸುಮಾರು 1.8 ಲಕ್ಷ ಕುಷ್ಠರೋಗಿಗಳಲ್ಲಿ 1 ಲಕ್ಷಕ್ಕೂ ಹೆಚ್ಚು ಮಂದಿ ಭಾರತದವರು. ರೋಗಾಣು ಹೊಕ್ಕ ಮೇಲೆ ಲಕ್ಷಣ ಕಾಣಿಸಲು ಸರಾಸರಿ ಐದು ವರ್ಷ, ಕೆಲವರಲ್ಲಿ ಇಪ್ಪತ್ತು ವರ್ಷವೂ ಆಗಬಹುದು. ಇಂತಹ ರೋಗವನ್ನು ಮುಗಿಯಿತೆಂದು ಹೇಗೆ ಹೇಳುವುದು?

ಶಬ್ದದ ಮಾತು ಬಂದುದರಿಂದ ನನ್ನ ಇನ್ನೊಂದು ಜಗಳವನ್ನೂ ಮುಗಿಸಿಬಿಡುತ್ತೇನೆ. ತೊನ್ನಿಗೆ ಶ್ವೇತಕುಷ್ಠ, ಬಿಳಿ ಕುಷ್ಠ ಎಂಬ ಹೆಸರುಗಳಿವೆ. ಆಯುರ್ವೇದದಲ್ಲಿ ಕುಷ್ಠವೆಂದರೆ ಹದಿನೆಂಟು ಬಗೆಯ ಚರ್ಮರೋಗಗಳಿಗೆ ಒಟ್ಟು ಹೆಸರು. ಚರಕನು ಶ್ವಿತ್ರವನ್ನೂ ಅದೇ ಅಧ್ಯಾಯದಲ್ಲಿ ಹೇಳಿದ್ದಾನೆ. ಮುಂದೆ ಕುಷ್ಠವೆಂಬ ಮಾತು ಒಂದೇ ರೋಗಕ್ಕೆ ನಿಂತಿತು, ಆದರೆ ಬಾಲ ಮಾತ್ರ ತೊನ್ನಿಗೆ ಅಂಟಿಕೊಂಡೇ ಉಳಿಯಿತು. ಈ ಒಂದು ಪದ ನನ್ನ ಶಿಷ್ಯೆಯೊಬ್ಬಳಿಗೆ ಏನು ಮಾಡಿತೆಂಬುದನ್ನು ನಾನು ಕಂಡಿದ್ದೇನೆ.

ಅವಳು 2003ರ ಎಸ್ಸೆಸ್ಸೆಲ್ಸಿ ತಂಡದವಳು. ಚರ್ಚಾಸ್ಪರ್ಧೆಯಲ್ಲಿ ಅವಳೆದುರು ನಿಲ್ಲುವವರಿರಲಿಲ್ಲ. ಒಂಬತ್ತನೆಯ ತರಗತಿಯಲ್ಲಿ ಬೆರಳ ತುದಿಗಳು ಬಿಳುಪಾದವು, ಮರುವರ್ಷ ತುಟಿಯ ಅಂಚು. ಜೊತೆಯ ಹುಡುಗಿಯರು ಬುತ್ತಿ ಹಂಚಿಕೊಳ್ಳುವುದನ್ನು ಬಿಟ್ಟರು. ಅವಳು ಬೆಂಚಿನ ತುದಿಗೆ ಸರಿದಳು, ಆಮೇಲೆ ವೇದಿಕೆಯಿಂದಲೂ ಸರಿದಳು. ಇದು ಅಂಟುವುದಿಲ್ಲವೆಂದು ತರಗತಿಯಲ್ಲಿ ಒಂದು ಮಾತು ನಾನು ಹೇಳಬಹುದಿತ್ತು. ಅವಳಿಗೆ ಮುಜುಗರವಾದೀತೆಂದು ಸುಮ್ಮನಿದ್ದೆನು. ನನ್ನ ಮೌನ ಅವಳಿಗೆ ಯಾವ ಸಹಾಯವನ್ನೂ ಮಾಡಲಿಲ್ಲ. ಮುಂದೆ ಗೊತ್ತಾದ ಸಂಬಂಧ ನಿಶ್ಚಿತಾರ್ಥದ ಹೊತ್ತಿಗೆ ಮುರಿಯಿತು. ಕಡೆಯವರೊಬ್ಬರು "ಬಿಳಿ ಕುಷ್ಠವಂತೆ" ಎಂದು ಪಿಸುಗುಟ್ಟಿದ್ದೇ ಸಾಕಾಯಿತು. ಹಾಗೆ ಹೇಳಿದವರು ನಮ್ಮ ಬಂಧುವರ್ಗದವರೇ, ಇದನ್ನು ಅವರೂ ಓದಬಹುದು. ಓದಲಿ. ಅವಳು ಡಿ.ಇಡಿ. ಮಾಡಿ ಈಗ ಲಿಂಗಸುಗೂರು ತಾಲ್ಲೂಕಿನಲ್ಲಿ ಪ್ರಾಥಮಿಕ ಶಾಲೆಯ ಶಿಕ್ಷಕಿ. ಒಂದನೆಯ ತರಗತಿಯ ಮಗುವೊಂದು, "ಟೀಚರ್, ನಿಮ್ಮ ಕೈಗೆ ಸುಣ್ಣ ಹತ್ತೈತ್ರಿ" ಎಂದಿತಂತೆ. "ಹೌದಪ್ಪಾ, ತೊಳೆದರೂ ಹೋಗಂಗಿಲ್ಲ, ನೀ ಬೇಕಾದ್ರ ಮುಟ್ಟಿ ನೋಡು" ಎಂದು ಕೈ ಚಾಚಿದಳಂತೆ. ಮಗು ಮುಟ್ಟಿ ನೋಡಿ ತನ್ನ ಸ್ಲೇಟಿಗೆ ಮರಳಿತು.

ಮನೆಮನೆಗೆ ಬರುವ ಆಶಾ ಕಾರ್ಯಕರ್ತೆಯರಿಗೆ ಮಕ್ಕಳ ಮೈಮೇಲಿನ ಕಲೆಗಳನ್ನು ಮುಚ್ಚಿಡದೆ ತೋರಿಸಿರಿ. ನಿಮ್ಮಲ್ಲಿ ಶಿಕ್ಷಕರಾಗಿರುವವರು ಎಷ್ಟೋ ಮಂದಿ ಇದ್ದೀರಿ. ವರ್ಷಕ್ಕೊಮ್ಮೆ ನಡೆಯುವ ಆರೋಗ್ಯ ತಪಾಸಣೆಯ ದಿನ ಗದ್ದೆಗೆ ಹೋದ ಮಕ್ಕಳ ಹೆಸರನ್ನು ಬರೆದಿಟ್ಟುಕೊಂಡು ಆಮೇಲೆ ಕಳಿಸಿರಿ. ನಾನು ಮಾಡದೆ ಬಿಟ್ಟ ಕೆಲಸವದು. ಔಷಧಿ ಅಂಗಡಿಯ ಟ್ಯೂಬನ್ನು ನೀವಾಗಿಯೇ ತಂದು ಹಚ್ಚಬೇಡಿರಿ. ಅವುಗಳಲ್ಲಿ ಅನೇಕವು ಸ್ಟಿರಾಯ್ಡ್ ಬೆರೆತವು. ಬೇಕಾಬಿಟ್ಟಿ ಹಚ್ಚಿದರೆ ಚರ್ಮ ತೆಳುವಾಗಿ, ಅವುಗಳಿಂದಲೇ ಹೊಸ ಬಿಳುಪು ಹುಟ್ಟುತ್ತದೆ.

ಆ ಫೋಟೋದ ವಿಷಯ ಬಿಟ್ಟುಹೋಯಿತು. ನನ್ನ ಶಿಷ್ಯ ಮರುದಿನವೇ ಮಗಳನ್ನು ಚರ್ಮದ ವೈದ್ಯರ ಬಳಿ ಕರೆದುಕೊಂಡು ಹೋದನು. ವೈದ್ಯರು ಹುಡುಗಿಯ ಕೆನ್ನೆ ನೋಡಿ, ಮುಟ್ಟಿ, ಇದು ತೊನ್ನಲ್ಲ, ಒಣಚರ್ಮದ ಕಲೆ, ಕೊಬ್ಬರಿ ಎಣ್ಣೆ ಹಚ್ಚಿದರೂ ಸಾಕು ಎಂದರಂತೆ. ಆಮೇಲೆ ಇವನ ಕುತ್ತಿಗೆಯ ಕಡೆ ನೋಡಿ, ಅಂಗಿಯ ಗುಂಡಿ ಬಿಚ್ಚಲು ಹೇಳಿದರಂತೆ. ಎದೆ ಬೆನ್ನಿನ ತುಂಬ ಸಿಬ್ಬ! ಹತ್ತು ವರ್ಷದಿಂದ ಇತ್ತಂತೆ, ಬಿಸಿಲಿನ ಕಲೆಯೆಂದು ಸುಮ್ಮನಿದ್ದನಂತೆ. ಈಗ ಮಗಳಿಗೆ ಎಣ್ಣೆ, ಅಪ್ಪನಿಗೆ ಔಷಧಿ. ಅಜ್ಜಿ ಮಾತ್ರ ಇನ್ನೂ ಮನೆಯಲ್ಲಿ ಮೀನಿನ ಸಾರು ಮಾಡಿದ ದಿನ ಮೊಮ್ಮಗಳಿಗೆ ಹಾಲು ಕೊಡುವುದಿಲ್ಲವಂತೆ.